ಲೇಸರ್ ಹಾಕಿಸಿದರೆ ಈ ಕಲೆ ಹೋಗುತ್ತಾ ಮೇಡಂ?

ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಪೋಷಕರ ಮುಂದೆ ಆಡಿದ ಮಾತು ಇದು. ಆಮೇಲೆ ಮೇಷ್ಟ್ರು ಬರೆದು ಕೊಡಿ ಅಂದರು, ಬರಲಾಗದವರಿಗೂ ಓದೋಕೆ ಸಿಗಲಿ ಅಂತ. ಅಲ್ಲಿ ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದಲ್ಲಿ ಹಲ್ಲಿನ ಡಾಕ್ಟರು. ಇವತ್ತು ಹಲ್ಲುಜ್ಜುವುದು ಹೇಗೆ ಅಂತ ಹೇಳೋಣ ಅಂತ ಬಂದಿದ್ದೆ. ಆದರೆ ಗೇಟಿನ ಹತ್ತಿರವೇ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದು ನಿಲ್ಲಿಸಿದರು. ಎಂಟನೇ ಕ್ಲಾಸಿನ ಹುಡುಗಿ. ಮುಂದಿನ ನಾಲ್ಕು ಹಲ್ಲಿನ ಮೇಲೂ ಕಂದು ಪಟ್ಟೆ. ಇಲ್ಲಿ ಕೂತಿರುವ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಇದೇ ಪಟ್ಟೆ ಇದೆ, ದೊಡ್ಡವರಲ್ಲೂ ಇದೆ. ಆ ತಾಯಿ ಕೇಳಿದ್ದು ಇಷ್ಟೇ: "ಬೆಂಗಳೂರಲ್ಲಿ ಲೇಸರ್ ಹಾಕಿಸಿದರೆ ಈ ಕಲೆ ಪೂರ್ತಿ ಹೋಗುತ್ತಂತೆ, ಹೌದಾ ಮೇಡಂ? ಓಲೆ ಇಟ್ಟಾದರೂ ಮಾಡಿಸ್ತೀವಿ."

ಓಲೆ ಇಡಬೇಡಿ ಅಮ್ಮ. ಆ ಕಲೆ ತೆಗೆಯುವುದು ಲೇಸರ್ ಕೆಲಸ ಅಲ್ಲ. ಅದಕ್ಕೆ ಬೇರೆ ದಾರಿ ಇದೆ, ಖರ್ಚೂ ಕಡಿಮೆ, ಕೊನೆಗೆ ಹೇಳುತ್ತೇನೆ. ಆದರೆ ಈ ಪ್ರಶ್ನೆ ಕೇಳಿದ ಮೇಲೆ ಹಲ್ಲುಜ್ಜುವ ಪಾಠ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ ಅನ್ನಿಸಿತು. ಲೇಸರ್ ಅನ್ನುವ ಒಂದು ಪದ ಬೋರ್ಡಿನ ಮೇಲೆ ಬಂದರೆ ಸಾಕು, ನೋವಿಲ್ಲ, ರಕ್ತ ಇಲ್ಲ, ಒಂದೇ ದಿನದಲ್ಲಿ ಎಲ್ಲ ಸರಿಹೋಗುತ್ತೆ ಅಂತ ಜನ ಅಂದುಕೊಳ್ಳುತ್ತಾರೆ. ಸ್ವಲ್ಪ ನಿಜ. ಜಾಸ್ತಿ ಪಾಲು ನಿಜ ಅಲ್ಲ. ಯಾವುದು ಯಾವುದು ಅಂತ ಗೊತ್ತಿದ್ದರೆ ನಿಮ್ಮ ದುಡ್ಡೂ ಉಳಿಯುತ್ತೆ, ಹಲ್ಲೂ ಉಳಿಯುತ್ತೆ.

ನೀವೆಲ್ಲ ಚಿಕ್ಕವರಿದ್ದಾಗ ಭೂತಗನ್ನಡಿ ಹಿಡಿದು ಬಿಸಿಲಲ್ಲಿ ಪೇಪರ್ ಸುಟ್ಟಿದ್ದೀರಿ ಅಲ್ವಾ? ನ್ಯೂಸ್ ಪೇಪರಿನ ಬಿಳಿ ಜಾಗಕ್ಕೆ ಹಿಡಿದರೆ ಬೇಗ ಹೊಗೆ ಬರಲ್ಲ. ಅದೇ ದಪ್ಪ ಕಪ್ಪು ಅಕ್ಷರದ ಮೇಲೆ ಹಿಡಿದು ನೋಡಿ, ತಕ್ಷಣ ಹೊಗೆ. ಬಿಸಿಲು ಅದೇ, ಗಾಜು ಅದೇ. ಕಪ್ಪು ಬಣ್ಣ ಬೆಳಕನ್ನು ಕುಡಿಯುತ್ತೆ, ಬಿಳಿ ಹಿಂದಕ್ಕೆ ಕಳಿಸುತ್ತೆ. ಲೇಸರ್ ಚಿಕಿತ್ಸೆ ಅಂದರೆ ಬಹುತೇಕ ಇದೇ ಕಥೆ. ಬಿಸಿಲಲ್ಲಿ ಎಲ್ಲ ಬಣ್ಣದ ಬೆಳಕೂ ಬೆರೆತು ನಾನಾ ಕಡೆಗೆ ಚೆಲ್ಲುತ್ತದೆ. ಲೇಸರಿನಲ್ಲಿ ಒಂದೇ ಬಣ್ಣ, ಒಂದೇ ದಿಕ್ಕು, ಎಲ್ಲ ಅಲೆಗಳೂ ಕವಾಯತಿನಲ್ಲಿ ಕಾಲು ಹಾಕಿದ ಹಾಗೆ ಒಟ್ಟಿಗೆ ಹೋಗುತ್ತವೆ. ಆ ಒಂದು ಬಣ್ಣವನ್ನು ಬಾಯೊಳಗೆ ಯಾವುದು ಕುಡಿಯುತ್ತೋ ಅದರ ಮೇಲೆ ಮಾತ್ರ ಅದು ಕೆಲಸ ಮಾಡುತ್ತೆ. ಉಳಿದದ್ದರ ಮೇಲೆ ಮಾಡಲ್ಲ, ಇಲ್ಲವೇ ಸುಮ್ನೆ ಬಿಸಿ ಮಾಡಿ ಕೆಡಿಸುತ್ತೆ.

ಇದರ ಲೆಕ್ಕಾಚಾರ ಐನ್‌ಸ್ಟೈನ್ 1917ರಲ್ಲೇ ಬರೆದಿಟ್ಟಿದ್ದರು. ಆದರೆ ಯಂತ್ರ ಆಗಿದ್ದು 1960ರ ಮೇ 16ರಂದು. ಅಮೆರಿಕದ ಥಿಯೊಡೋರ್ ಮೈಮನ್ ಮಾಣಿಕ್ಯದ ಕಡ್ಡಿಯಿಂದ ಕೆಂಪು ಲೇಸರ್ ಹೊರಡಿಸಿದರು. ನಮ್ಮವರೊಬ್ಬರ ಹೆಸರನ್ನೂ ಮಕ್ಕಳಿಗೆ ಹೇಳಲೇಬೇಕು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಮಾಡಿದರು. ಇವತ್ತಿಗೂ ಬಾಯಿಯ ಮೆತ್ತನೆ ಭಾಗ ಕತ್ತರಿಸೋಕೆ ದೊಡ್ಡ ಆಸ್ಪತ್ರೆಗಳಲ್ಲಿ ಅದನ್ನು ಬಳಸುತ್ತಾರೆ.

ಮಾಣಿಕ್ಯದ ಲೇಸರ್ ಬಂದ ಕೆಲವೇ ವರ್ಷಕ್ಕೆ ಅದನ್ನು ಹಲ್ಲಿನ ಮೇಲೂ ಬಿಟ್ಟು ನೋಡಿದರು. ಹಲ್ಲಿಗೆ ತೂತು ಬಿತ್ತು. ಆದರೆ ಶಾಖ ಒಳಗಿನ ನರದವರೆಗೆ ಹೋಯಿತು. ಹಲ್ಲಿನ ನರಕ್ಕೆ ಬಿಸಿ ತಡೆಯೋ ಶಕ್ತಿ ತುಂಬಾ ಕಡಿಮೆ. ಒಳಗೆ 5.5 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೂ ಕೆಲವು ಹಲ್ಲಿನ ನರ ಸಾಯುತ್ತೆ ಅಂತ 1965ರಲ್ಲೇ ಕೋತಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದರು. ಹಾಗಾಗಿ ಹಲ್ಲನ್ನೇ ಕೊರೆಯುವ ಲೇಸರಿಗೆ ಬಹಳ ವರ್ಷ ಕಾಯಬೇಕಾಯಿತು. ಒಸಡಿನ ಲೇಸರ್ 1990ರ ಹೊತ್ತಿಗೆ ದಂತ ಕ್ಲಿನಿಕ್ಕುಗಳಿಗೆ ಬಂತು, ಗಟ್ಟಿ ಹಲ್ಲಿನ ಮೇಲೆ ಬಳಸುವ ಎರ್ಬಿಯಂ ಲೇಸರಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ.

ಈ ಎರ್ಬಿಯಂ ಹೇಗೆ ಕೆಲಸ ಮಾಡುತ್ತೆ ಅನ್ನೋದು ನನಗೆ ತುಂಬಾ ಇಷ್ಟದ ವಿಷಯ. ಹುರಿಹಿಟ್ಟು ಮಾಡೋಕೆ ರಾಗಿ ಹುರಿಯುತ್ತೀರಲ್ಲ, ಮೊದಲು ಏನು ಮಾಡುತ್ತೀರಿ? ನೀರು ಚಿಮುಕಿಸಿ ಇಡುತ್ತೀರಿ. ಕಾದ ಬಾಣಲೆಗೆ ಬಿದ್ದ ತಕ್ಷಣ ಕಾಳಿನೊಳಗಿನ ಆ ನೀರು ಆವಿಯಾಗಿ ಚಟಪಟ ಅಂತ ಸಿಡಿದು ರಾಗಿ ಅರಳುತ್ತೆ. ಹಲ್ಲಿನ ಮೇಲ್ಪದರ ದೇಹದಲ್ಲೇ ಅತಿ ಗಟ್ಟಿಯಾದದ್ದು. ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜವೇ. ಆದರೂ ಅದರಲ್ಲಿ ಒಂಚೂರು ನೀರಿನ ಅಂಶ ಇದೆ, ಹುಳುಕು ಹಿಡಿದ ಜಾಗದಲ್ಲಿ ಇನ್ನೂ ಜಾಸ್ತಿ ಇರುತ್ತೆ. ಎರ್ಬಿಯಂ ಬೆಳಕನ್ನು, ಅದರ ಅಲೆಯುದ್ದ 2940 ನ್ಯಾನೋಮೀಟರ್, ನೀರು ಗಟಗಟ ಕುಡಿಯುತ್ತೆ. ಕಣ್ಣು ಮಿಟುಕಿಸುವುದರೊಳಗೆ ಆ ನೀರು ಆವಿಯಾಗಿ ಸಿಡಿದು, ಸುತ್ತಲಿನ ಹಲ್ಲನ್ನು ಪುಡಿ ಪುಡಿಯಾಗಿ ಎಬ್ಬಿಸುತ್ತೆ. ಪಟ ಪಟ ಅಂತ ಸದ್ದೂ ಬರುತ್ತೆ. ಜೊತೆಗೆ ಮೇಲೆ ನೀರಿನ ತುಂತುರು ಬಿಡುತ್ತಲೇ ಇರಬೇಕು, ಇಲ್ಲವಾದರೆ ಅದೇ ಹಳೇ ಬಿಸಿಯ ತೊಂದರೆ. ಡ್ರಿಲ್ಲಿನ ಕೊಯ್ ಅನ್ನುವ ಸದ್ದಿಲ್ಲ, ಅದುರುವುದಿಲ್ಲ. ಚಿಕ್ಕ ಹುಳುಕಾದರೆ ಎಷ್ಟೋ ಸಲ ಇಂಜೆಕ್ಷನ್ನೇ ಬೇಡ. ಡ್ರಿಲ್ ಅಂದರೆ ಕುರ್ಚಿಯಿಂದ ಇಳಿದು ಓಡುವ ಮಕ್ಕಳಿಗೆ ಇದು ದೊಡ್ಡ ಉಪಕಾರ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಆ ಯಂತ್ರಕ್ಕೆ ಹತ್ತಾರು ಲಕ್ಷ ಬೀಳುತ್ತೆ. ನಮ್ಮ ಕಡೆ ಕ್ಲಿನಿಕ್ಕುಗಳಲ್ಲಿ ಲೇಸರ್ ಅಂತ ಬೋರ್ಡ್ ಇದ್ದರೆ ಬಹುಪಾಲು ಅದು ಡಯೋಡ್ ಲೇಸರ್. ಟಿಫನ್ ಬಾಕ್ಸಿನಷ್ಟು ಚಿಕ್ಕದು, ತುದಿಗೆ ಪೆನ್ನಿನಂಥ ಕಡ್ಡಿ, ಅದರೊಳಗೆ ಕೂದಲಿನಂಥ ಗಾಜಿನ ಎಳೆ. ಇದರ ಬೆಳಕು ನೀರಿಗೆ ಅಷ್ಟಾಗಿ ಜಗ್ಗಲ್ಲ. ರಕ್ತದ ಕೆಂಪು, ಚರ್ಮದ ಕಪ್ಪು, ಇವೆರಡೂ ಅದನ್ನು ಕುಡಿಯುತ್ತವೆ. ಅಂದರೆ ಇದು ಒಸಡಿನ ಲೇಸರ್, ಹಲ್ಲಿನ ಲೇಸರ್ ಅಲ್ಲ. ಇದರಲ್ಲಿ ಹಲ್ಲು ಕೊರೆಯೋಕೆ ಆಗಲ್ಲ. ಒಸಡು ಕತ್ತರಿಸುವಾಗ ಆ ಗಾಜಿನ ತುದಿಯನ್ನು ಮೊದಲು ಬಣ್ಣದ ಕಾಗದಕ್ಕೋ ಕಾರ್ಕಿಗೋ ತಾಗಿಸಿ ಕಪ್ಪು ಮಾಡಿಕೊಳ್ಳುತ್ತೇವೆ. ಆ ಕಪ್ಪು ಬಣ್ಣ ಬೆಳಕನ್ನು ಕುಡಿದು ತುದಿ ಕೆಂಡದಂತೆ ಕಾಯುತ್ತೆ. ಕತ್ತರಿಸುತ್ತಲೇ ರಕ್ತನಾಳಗಳ ಬಾಯಿಯೂ ಮುಚ್ಚಿಕೊಳ್ಳುತ್ತೆ. ರಕ್ತ ಕಡಿಮೆ ಅನ್ನೋದು ಇದಕ್ಕೇ. ಬಹಳಷ್ಟು ಸಲ ಹೊಲಿಗೆಯೂ ಬೇಕಾಗಲ್ಲ.

ಇದು ಎಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತೆ? ಬಿಪಿಗೆ ಅಮ್ಲೋಡಿಪಿನ್ ತಗೊಳ್ಳುವವರಲ್ಲಿ ಕೆಲವರಿಗೆ ಒಸಡು ಬೆಳೆದು ಹಲ್ಲನ್ನೇ ಮುಚ್ಚುತ್ತೆ, ಫಿಟ್ಸಿನ ಫೆನಿಟಾಯಿನ್ ಮಾತ್ರೆಯಲ್ಲೂ ಹಾಗೇ. ಮಾತ್ರೆ ಬದಲಿಸೋಕೆ ಆಗುತ್ತಾ ಅಂತ ಮೊದಲು ಬರೆದುಕೊಟ್ಟ ಡಾಕ್ಟರನ್ನು ಕೇಳಬೇಕು, ನೀವೇ ನಿಲ್ಲಿಸಬಾರದು. ಬೆಳೆದ ಒಸಡನ್ನು ತೆಗೆಯೋಕೆ ಡಯೋಡ್ ತುಂಬಾ ಅನುಕೂಲ. ಹಾರ್ಟಿನ ತೊಂದರೆಗೆ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗಂತೂ ಇನ್ನೂ ಅನುಕೂಲ. ಬುದ್ಧಿಹಲ್ಲಿನ ಮೇಲೆ ಒಸಡಿನ ಮುಚ್ಚಳ ಕೂತು, ಅದರ ಕೆಳಗೆ ಮುದ್ದೆ ಅನ್ನ ಸಿಕ್ಕಿಕೊಂಡು ಬಾವು ಬರುತ್ತೆ ನೋಡಿ, ಹಲ್ಲು ನೆಟ್ಟಗೆ ಬರುತ್ತಿದ್ದರೆ ಆ ಮುಚ್ಚಳ ಸವರಿ ತೆಗೆಯಬಹುದು. ನಾಲಿಗೆ ಕೆಳಗಿನ ಪೊರೆ ಬಿಗಿದು ನಾಲಿಗೆ ಮೇಲಕ್ಕೆ ಏಳದ ಮಕ್ಕಳಿಗೂ ಇದು ಕೆಲವು ನಿಮಿಷದ ಕೆಲಸ. ನೋವು ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಮರಗಟ್ಟೋ ಜೆಲ್ಲೋ ಸಣ್ಣ ಇಂಜೆಕ್ಷನ್ನೋ ಬೇಕಾಗುತ್ತೆ, ಒಂದೆರಡು ದಿನ ಖಾರ ತಿಂದರೆ ಉರಿಯುತ್ತೆ, ಗಾಯದ ಮೇಲೆ ಬೆಳ್ಳಗೆ ಪೊರೆ ಕಟ್ಟುತ್ತೆ. ಅದು ಕೀವಲ್ಲ, ಕೀಳಬೇಡಿ.

ಇನ್ನು ಲೇಸರಿಗೆ ಆಗದ ಕೆಲಸಗಳು. ಅದರಲ್ಲಿ ಹಲ್ಲು ಕೀಳೋಕೆ ಆಗಲ್ಲ. ಹಳೇ ಬೆಳ್ಳಿ ಬಣ್ಣದ ಸಿಮೆಂಟು ತೆಗೆಯೋಕೆ ಆಗಲ್ಲ, ಕ್ಯಾಪಿಗೆ ಹಲ್ಲು ತಿದ್ದೋಕೆ ಈಗಲೂ ಡ್ರಿಲ್ಲೇ ಬೇಕು. ಪಾಚಿ, ಗಾರೆ ತೆಗೆಯೋದು ಲೇಸರ್ ಅಲ್ಲ, ಅದು ಜೋರಾಗಿ ಅದುರುವ ಅಲ್ಟ್ರಾಸೌಂಡ್ ಕಡ್ಡಿ. ಸಿಮೆಂಟು ಹಾಕಿದ ಮೇಲೆ ನೀಲಿ ಲೈಟು ಹಿಡಿಯುತ್ತೇವಲ್ಲ, ಅದನ್ನು ಎಷ್ಟೋ ಜನ ಲೇಸರ್ ಅಂದುಕೊಂಡಿದ್ದಾರೆ. ಅದು ಸಾಮಾನ್ಯವಾಗಿ ಎಲ್ಇಡಿ ಬಲ್ಬು, ಸಿಮೆಂಟು ಗಟ್ಟಿ ಮಾಡೋಕೆ ಅಷ್ಟೇ. ಒಸಡು ಸಡಿಲವಾಗಿ ಹಲ್ಲು ಅಲ್ಲಾಡುವವರಿಗೂ ಮೊದಲು ಬೇಕಾದದ್ದು ಬೇರಿನವರೆಗಿನ ಪೂರ್ತಿ ಕ್ಲೀನಿಂಗ್. ಅದು ಬಿಟ್ಟು ಬರೀ ಲೇಸರ್ ಹೊಡೆದರೆ ಏನೂ ಸಿಗಲ್ಲ. ಕ್ಲೀನಿಂಗ್ ಜೊತೆಗೆ ಲೇಸರ್ ಸೇರಿಸಿದರೂ ಸಿಗುವ ಹೆಚ್ಚಿನ ಲಾಭ ಸ್ವಲ್ಪವೇ.

ಹಾಂ, ಕಪ್ಪು ಒಸಡು. ಮದುವೆ ಗೊತ್ತಾದ ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದು ಒಸಡು ಕೆಂಪಗೆ ಮಾಡಿಕೊಡಿ ಅನ್ನುತ್ತಾರೆ. ಲೇಸರಿನಲ್ಲಿ ಆಗುತ್ತೆ. ಆದರೆ ಅದು ಕಾಯಿಲೆಯೇ ಅಲ್ಲ, ನಮ್ಮ ಮೈಬಣ್ಣದ ಹಾಗೆ ಅದೂ ಒಂದು ಬಣ್ಣ. ತೆಗೆದರೂ ಕೆಲವರಿಗೆ ವರ್ಷ ಕಳೆದ ಮೇಲೆ ತಿರುಗಿ ಬರುತ್ತೆ. ಹುಡುಗಿಗೇ ಬೇಕು ಅನ್ನಿಸಿದರೆ ಮಾಡುತ್ತೇನೆ. ಗಂಡಿನ ಕಡೆಯವರು ಅಂದರು ಅಂತ ಬಂದರೆ, ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ ಅನ್ನುತ್ತೇನೆ.

ಈಗ ಹೇಳುವುದನ್ನು ದಯವಿಟ್ಟು ಹೆಂಗಸರು ಗಮನ ಕೊಟ್ಟು ಕೇಳಿ. ನಮ್ಮ ಜಿಲ್ಲೆಯಲ್ಲಿ ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕಿಕೊಳ್ಳುವವರಲ್ಲಿ ಹೆಂಗಸರೂ ಬಹಳ. ಕೂಲಿಗೆ ಹೋದಾಗ ಹಸಿವು ತಡೆಯುತ್ತೆ ಅಂತ ಶುರುವಾಗಿ, ರಾತ್ರಿ ಕೆನ್ನೆಯಲ್ಲಿ ಇಟ್ಟುಕೊಂಡೇ ಮಲಗುವವರೂ ಇದ್ದಾರೆ. ಇಟ್ಟ ಜಾಗದಲ್ಲೇ ಬೆಳ್ಳಗೆ ಪಟ್ಟೆ ಏಳುತ್ತೆ, ಇಲ್ಲವೇ ಕೆಂಪಗೆ ಹುಣ್ಣಾಗುತ್ತೆ. ಅದು ನೋಯುವುದಿಲ್ಲ. ನೋವಿಲ್ಲದ ಕಾರಣಕ್ಕೇ ತಿಂಗಳುಗಟ್ಟಲೆ ಬಿಟ್ಟುಬಿಡುತ್ತಾರೆ. ಕೆಲವು ವರ್ಷದ ಹಿಂದೆ ಐವತ್ತರ ಆಸುಪಾಸಿನ ಒಬ್ಬ ಅಮ್ಮ ನನ್ನ ಹತ್ತಿರ ಬಂದರು. ಎಲ್ಲೋ ಒಂದು ಕಡೆ ಅವರ ಕೆನ್ನೆಯ ಬಿಳಿ ಪಟ್ಟೆಯನ್ನು ಲೇಸರಿನಲ್ಲಿ ಸುಟ್ಟು ತೆಗೆದಿದ್ದರು. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದೀರಾ ಅಂದರೆ ಚೀಟಿ ಇಲ್ಲ, ರಿಪೋರ್ಟ್ ಇಲ್ಲ, ಏನಿತ್ತು ಅಂತ ಯಾರಿಗೂ ಗೊತ್ತಿಲ್ಲ. ಆರು ತಿಂಗಳಿಗೆ ಅದೇ ಜಾಗದಲ್ಲಿ ಗಂಟು. ನಾನು ತುಣುಕು ತೆಗೆದು ಕಳಿಸಿದೆ, ಕ್ಯಾನ್ಸರ್ ಅಂತಲೇ ಬಂತು. ಮೊದಲ ದಿನವೇ ಆ ಪಟ್ಟೆಯ ಅಕ್ಕಿಕಾಳಿನಷ್ಟು ಚೂರನ್ನು ಪರೀಕ್ಷೆ ಮಾಡಿಸಿದ್ದರೆ ಆರು ತಿಂಗಳು ಕೈಬಿಟ್ಟು ಹೋಗುತ್ತಿರಲಿಲ್ಲ. ನನಗೆ ಇವತ್ತಿಗೂ ಅದನ್ನು ನೆನೆದರೆ ಸಂಕಟ ಆಗುತ್ತೆ. ಸುಟ್ಟರೆ ಕಾಯಿಲೆಯ ಗುರುತೂ ಸುಟ್ಟುಹೋಗುತ್ತೆ. ಹದಿನೈದು ದಿನಕ್ಕೆ ವಾಸಿಯಾಗದ ಹುಣ್ಣು, ಉಜ್ಜಿದರೆ ಹೋಗದ ಬಿಳಿ ಪಟ್ಟೆ ಇದ್ದರೆ ಯಾರಾದರೂ ಲೇಸರಿನಲ್ಲಿ ತೆಗೆದುಬಿಡೋಣ ಅಂದಾಗ ಒಂದೇ ಮಾತು ಕೇಳಿ: "ಮೊದಲು ಬಯಾಪ್ಸಿ ಮಾಡ್ತೀರಾ?" ಬಯಾಪ್ಸಿ ಅಂದರೆ ಅದೇ, ತುಣುಕು ತೆಗೆದು ಪರೀಕ್ಷೆ ಮಾಡಿಸುವುದು. ಈ ಮಾತನ್ನು ಬಾಯಿಪಾಠ ಮಾಡಿಕೊಳ್ಳಿ.

ಬಾಯಿ ಕ್ಯಾನ್ಸರಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಬೇರೆ ಕಡೆಗೋ ಹೋಗಿ ರೇಡಿಯೇಷನ್ ತಗೊಳ್ಳುವವರ ಮನೆಯವರು ಇಲ್ಲಿದ್ದರೆ ಅವರಿಗೂ ಒಂದು ವಿಷಯ. ರೇಡಿಯೇಷನ್ ಶುರುವಾಗಿ ಎರಡು ಮೂರು ವಾರಕ್ಕೆ ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯದ ಹಾಗೆ ಆಗುತ್ತೆ. ಇದಕ್ಕೆ ಬಿಸಿಯೇ ಆಗದ, ತುಂಬಾ ಕಡಿಮೆ ಶಕ್ತಿಯ ಲೇಸರ್ ಇದೆ. ಚಿಕಿತ್ಸೆಯ ದಿನಗಳಲ್ಲಿ ಬಾಯೊಳಗೆ ಹಿಡಿದರೆ ಆ ಹುಣ್ಣು ಕಡಿಮೆಯಾಗುತ್ತೆ ಅಂತ ಒಳ್ಳೆಯ ಆಧಾರ ಇದೆ, ಅಂತಾರಾಷ್ಟ್ರೀಯ ತಜ್ಞರ ಮಾರ್ಗಸೂಚಿಯಲ್ಲೂ ಸೇರಿದೆ. ಹುಣ್ಣು ಬಂದ ಮೇಲೆ ಅಲ್ಲ, ರೇಡಿಯೇಷನ್ ಶುರು ಮಾಡುವ ಮುಂಚೆಯೇ ನಿಮ್ಮ ಡಾಕ್ಟರನ್ನು ಇದರ ಬಗ್ಗೆ ಕೇಳಿ. ಲೇಸರಿನ ಎಲ್ಲ ಉಪಯೋಗಗಳಲ್ಲಿ ನನಗೆ ಅತಿ ಬೆಲೆಬಾಳುವುದು ಇದೇ ಅನ್ನಿಸುತ್ತೆ. ಬೋರ್ಡುಗಳಲ್ಲಿ ಮಾತ್ರ ಇದು ಕಾಣಿಸುವುದೇ ಇಲ್ಲ.

ಲೇಸರ್ ಎಕ್ಸ್‌ರೇ ತರಹ ಅಲ್ಲ, ಅದರಿಂದ ಕ್ಯಾನ್ಸರ್ ಬರಲ್ಲ. ಅಪಾಯ ಇರೋದು ಕಣ್ಣಿಗೆ. ಡಯೋಡಿನ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ, ಆದರೂ ಕಣ್ಣೊಳಗೆ ಹೋಗಿ ಹಿಂದಿನ ಪರದೆ ಸುಡಬಹುದು, ಬಾಯಿ ಕನ್ನಡಿಗೆ ಬಡಿದು ವಾಪಸ್ ಬಂದರೂ ಅಷ್ಟೇ. ಹಾಗಾಗಿ ಡಾಕ್ಟರು, ನರ್ಸು, ಕುರ್ಚಿಯಲ್ಲಿ ಕೂತ ನೀವು, ಮಗುವಿನ ಕೈ ಹಿಡಿದು ಪಕ್ಕದಲ್ಲಿ ನಿಂತ ತಾಯಿ, ಎಲ್ಲರಿಗೂ ಆ ಲೇಸರಿಗೇ ಅಂತ ಮಾಡಿದ ಕನ್ನಡಕ ಇರಲೇಬೇಕು. ಕೂಲಿಂಗ್ ಗ್ಲಾಸ್ ಸಾಲದು. ಕನ್ನಡಕ ಕೊಡದಿದ್ದರೆ ಕೇಳಿ ಹಾಕಿಸಿಕೊಳ್ಳಿ.

ಸರಿ, ಆ ಹುಡುಗಿಯ ಹಲ್ಲಿಗೆ ಬರೋಣ. ಈ ಕಲೆ ಹಲ್ಲುಜ್ಜದೆ ಬಂದದ್ದಲ್ಲ. ಮಕ್ಕಳನ್ನು ಬೈಯಬೇಡಿ, ಇಟ್ಟಿಗೆ ಪುಡಿ, ಬೂದಿ ಹಾಕಿ ಉಜ್ಜಿಸಬೇಡಿ. ನಮ್ಮ ಬೋರ್‌ವೆಲ್ಲುಗಳು ಸಾವಿರ ಅಡಿ ದಾಟಿ ಇಳಿದಿವೆ. ಆ ಆಳದ ಬಂಡೆಯಿಂದ ನೀರಿಗೆ ಫ್ಲೋರೈಡ್ ಸೇರುತ್ತೆ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ, ಇದು ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ. ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದವರೆಗೆ ದೊಡ್ಡ ಹಲ್ಲುಗಳು ದವಡೆಯೊಳಗೆ ತಯಾರಾಗುತ್ತಿರುತ್ತವೆ. ಆಗ ಫ್ಲೋರೈಡ್ ಜಾಸ್ತಿ ಹೋದರೆ ಮೇಲ್ಪದರ ಗಟ್ಟಿಯಾಗದೆ ಸಣ್ಣ ಸಣ್ಣ ತೂತು ಉಳಿಯುತ್ತವೆ. ಹಲ್ಲು ಹುಟ್ಟುವಾಗ ಸುಣ್ಣದ ಹಾಗೆ ಬೆಳ್ಳಗೇ ಇರುತ್ತೆ. ಆಮೇಲೆ ಆ ತೂತುಗಳು ಟೀ, ಸಾರು, ಎಲ್ಲದರ ಬಣ್ಣ ಹೀರಿ ವರ್ಷ ವರ್ಷಕ್ಕೆ ಕಂದಾಗುತ್ತೆ.

ಈಗ ಲೇಸರ್ ಯಾಕೆ ಆಗಲ್ಲ ಅಂತ ನಿಮಗೇ ಗೊತ್ತಾಗುತ್ತೆ. ಡಯೋಡ್ ಒಸಡಿಗೆ. ಎರ್ಬಿಯಂ ಕಲೆಯನ್ನಷ್ಟೇ ಆರಿಸಿ ತೆಗೆಯಲ್ಲ, ಹಲ್ಲನ್ನೇ ಕೊರೆಯುತ್ತೆ. ಲೇಸರ್ ಬ್ಲೀಚಿಂಗ್ ಅಂತ ಮಾಡುವುದರಲ್ಲೂ ಬಿಳುಪು ಮಾಡೋದು ಪೆರಾಕ್ಸೈಡ್ ಜೆಲ್ಲು, ಬೆಳಕು ಸೇರಿಸುವುದು ಅಷ್ಟಕ್ಕಷ್ಟೇ. ಹುಳುಕು ಹುಡುಕುವ ಕೆಂಪು ಲೇಸರ್ ಒಂದಿದೆ, 655 ನ್ಯಾನೋಮೀಟರಿನದು. ನಮ್ಮ ಕಲೆ ಹಲ್ಲುಗಳ ಮೇಲೆ ಹಿಡಿದರೆ ಕಲೆಯನ್ನೇ ಹುಳುಕು ಅಂತ ತೋರಿಸಬಹುದು. ಆ ಮಿಷನ್ ನಂಬರ್ ನೋಡಿ ಯಾರಾದರೂ ಎಂಟು ಹಲ್ಲು ಕೊರೆಯಬೇಕು ಅಂದರೆ ಇನ್ನೊಬ್ಬರಿಗೆ ತೋರಿಸಿ.

ಇವಳಿಗೆ ಮಾಡಬಹುದಾದದ್ದು ಏನು? ತೆಳುವಾದ ಆಸಿಡ್ ಪೇಸ್ಟಿನಲ್ಲಿ ಮೇಲ್ಪದರವನ್ನು ಕೂದಲೆಳೆಯಷ್ಟು ಉಜ್ಜಿ ತೆಗೆಯುವ ವಿಧಾನ ಇದೆ. ಒಸಡಿಗೆ ತಾಗದಂತೆ ರಬ್ಬರ್ ಹಾಳೆ ಕಟ್ಟಿ ಡಾಕ್ಟರೇ ಮಾಡಬೇಕು, ಮನೆಯಲ್ಲಿ ಅಲ್ಲವೇ ಅಲ್ಲ. ಮೇಲಿನ ಪಟ್ಟೆಗಳು ಅದರಲ್ಲೇ ಬಹಳಷ್ಟು ತಿಳಿಯಾಗುತ್ತವೆ. ಉಳಿದರೆ ದೊಡ್ಡವಳಾದ ಮೇಲೆ ಬ್ಲೀಚಿಂಗ್, ಇಲ್ಲವೇ ಹಲ್ಲಿನ ಬಣ್ಣದ ಸಿಮೆಂಟಿನ ತೆಳು ಲೇಪ. ಡೆಂಟಲ್ ಕಾಲೇಜುಗಳಲ್ಲಿ ಇವಕ್ಕೆಲ್ಲ ಖರ್ಚು ಕಡಿಮೆ. ಕೆಜಿಎಫ್‌ನಲ್ಲಿ ಒಂದಿದೆ, ಬೆಂಗಳೂರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಹತ್ತಿರ ಸರ್ಕಾರಿ ಡೆಂಟಲ್ ಕಾಲೇಜೇ ಇದೆ. ಓಲೆ ಬೀರುವಿನಲ್ಲೇ ಇರಲಿ.

ಮಾತು ಮುಗಿಸಿ ಇಳಿಯುವಾಗ ಆ ತಾಯಿ ತಿರುಗಿ ಬಂದರು. ಸೊಂಟದಲ್ಲಿ ಎರಡು ವರ್ಷದ ಮಗ. "ಇವನಿಗೂ ಹಂಗೇ ಆಗುತ್ತಾ?" ಅಂದರು. ಆಗಲೇಬೇಕು ಅಂತೇನಿಲ್ಲ ಅಮ್ಮ, ಇವನ ದೊಡ್ಡ ಹಲ್ಲು ಇನ್ನೂ ಒಳಗೆ ತಯಾರಾಗುತ್ತಿವೆ, ಈಗಿಂದ ನೀರು ಬದಲಿಸಿದರೂ ತುಂಬಾ ಉಳಿಯುತ್ತೆ ಅಂದೆ. "ಕಾಯಿಸಿ ಆರಿಸಿ ಕೊಡ್ತೀನಿ ಮೇಡಂ." ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಇಂಗಿ ಉಳಿದ ನೀರಲ್ಲಿ ಅದರ ಪಾಲು ಇನ್ನೂ ಜಾಸ್ತಿಯಾಗುತ್ತೆ ಅಂತ ಹೇಳಿದೆ. ಶುದ್ಧ ನೀರಿನ ಘಟಕದ ಕ್ಯಾನ್ ತರುತ್ತಾರಂತೆ. ಆದರೆ ಅದು ಕುಡಿಯೋಕೆ ಮಾತ್ರ, ಮುದ್ದೆಗೂ ಸಾರಿಗೂ ನಲ್ಲಿ ನೀರೇ. ಮುದ್ದೆ ಎಸರಿಗೂ ಕ್ಯಾನ್ ನೀರೇ ಹಾಕಿ, ಅದೂ ಹೊಟ್ಟೆಗೇ ಅಲ್ವಾ ಹೋಗೋದು ಅಂದೆ. ಘಟಕದ ಫಿಲ್ಟರ್ ಕಾಲಕಾಲಕ್ಕೆ ಬದಲಿಸುತ್ತಾರಾ ಅಂತ ವಿಚಾರಿಸಿ, ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದೆಯಾ ಕೇಳಿ, ಅದರಲ್ಲಿ ಫ್ಲೋರೈಡೂ ನೋಡಬಹುದು ಅಂತಲೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಮಗನನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, "ಮುಂದಿನ ತಿಂಗಳಿಂದ ಇವನನ್ನ ಅಂಗನವಾಡಿಗೆ ಕಳಿಸಬೇಕು ಅಂತಿದ್ದೆ ಮೇಡಂ, ಅಲ್ಲಿ ಯಾವ ನೀರಲ್ಲಿ ಅಡುಗೆ ಮಾಡ್ತಾರೋ, ನಾಳೆ ಹೋಗಿ ಕೇಳ್ತೀನಿ" ಅಂದರು.